ಪಿಟೀಲು ಪೆಟ್ಟಿಗೆಯ ಮೀಟರು

ಕೊಪ್ಪದ ಬಸ್ ನಿಲ್ದಾಣದಿಂದ ಎಣಿಸಿದರೆ ಏಳನೆಯದಾಗಿ ಸಿಗುವ ಜವಳಿ ಅಂಗಡಿಯ ಷಡಕ್ಷರಿ ಪಿಟೀಲು ಕಲಿಯಲು ಆರಂಭಿಸಿ 2006ರ ಜೂನ್ ತಿಂಗಳಿಗೆ ಸರಿಯಾಗಿ ಮೂರು ವರ್ಷವಾಗಿತ್ತು. ಈ ಮೂರು ವರ್ಷಗಳಲ್ಲಿ ಅವನು ಕಲಿತದ್ದು ಸರಳೆ, ಜಂಟಿ ವರಸೆ, ಎರಡು ಗೀತೆ ಮತ್ತು ಮೋಹನ ರಾಗದ ಒಂದು ವರ್ಣದ ಮುಕ್ಕಾಲು ಭಾಗ. ಕೊಂಡದ್ದು ಹದಿನಾಲ್ಕು ಸಾಮಾನು. ಪಿಟೀಲು ಈ ಹದಿನಾಲ್ಕರಲ್ಲಿ ಸೇರಿಲ್ಲ.

ವರ್ಣದ ಕಾಲು ಭಾಗ ಬಾಕಿ ಉಳಿಯಲು ಕಾರಣ, ಚರಣದ ಎರಡನೆಯ ಸ್ವರದ ಸಾಲು. ಅಲ್ಲಿಗೆ ಬಂದ ಕೂಡಲೇ ಷಡಕ್ಷರಿಯ ಕಮಾನು ಗೇಟು ಹಾಕಿದ ರಸ್ತೆಯ ಮುಂದಿನ ಲಾರಿಯಂತೆ ನಿಂತುಬಿಡುತ್ತಿತ್ತು. ನಿಂತಾಗಲೆಲ್ಲ ತನ್ನ ಪಿಟೀಲಿಗೆ ಯಾವುದೋ ಒಂದು ವಸ್ತುವಿನ ಕೊರತೆಯಿದೆ ಎಂದು ಅವನಿಗೆ ಹೊಳೆಯುತ್ತಿತ್ತು. ಬಟ್ಟೆ ತರಲು ಶಿವಮೊಗ್ಗಕ್ಕೆ ಹೋದವನು ಬರುವಾಗ ಆ ವಸ್ತುವನ್ನೂ ತರುತ್ತಿದ್ದ. ಹಾಗೆ ಬಂದವುಗಳಲ್ಲಿ ಭುಜಕ್ಕೆ ಆನಿಸುವ ಒಂದು ಪಟ್ಟಿಯಿತ್ತು. ಅದು ನಿಂತು ನುಡಿಸುವವರಿಗೆ ಮಾಡಿದ್ದು. ಚಾಪೆಯ ಮೇಲೆ ಕೂತು, ಪಿಟೀಲಿನ ತಲೆಯನ್ನು ಪಾದದ ಗಂಟಿಗೆ ಕೊಟ್ಟು ನುಡಿಸುವ ಷಡಕ್ಷರಿಗೆ ಅದರಿಂದ ಆಗಬೇಕಾದ್ದು ಏನೂ ಇರಲಿಲ್ಲ. ಅವನ ಹೆಂಡತಿ ವೀರಮ್ಮ ಅದರ ಮೇಲೆ ಬಿಸಿ ಸಾರಿನ ಪಾತ್ರೆ ಇಡುತ್ತಿದ್ದಳು. ಸದ್ದು ತಗ್ಗಿಸುವ ರಬ್ಬರಿನ ತುಣುಕು ಒಂದಿತ್ತು. ಹದಿನಾಲ್ಕರಲ್ಲಿ ಪಕ್ಕದ ಅಂಗಡಿಯ ಟೈಲರ್ ಬೂತಪ್ಪನಿಗೆ ಮೆಚ್ಚಿಗೆಯಾದದ್ದು ಅದೊಂದೇ.

ಹದಿನಾಲ್ಕನೆಯ ಸಾಮಾನೇ ಮೀಟರು. ಶಿವಮೊಗ್ಗದ ಅಂಗಡಿಯವನು “ಯಾವ ಊರು ಸಾರ್?” ಎಂದು ಕೇಳಿದ್ದ. “ಕೊಪ್ಪ” ಎಂಬ ಉತ್ತರ ಬಂದಾಗ, ತೀರಿಕೊಂಡವರ ಸುದ್ದಿ ಕೇಳಿದವನಂತೆ ತಲೆಯಾಡಿಸಿ, ಗಾಳಿಯ ತೇವ ಅಳೆಯುವ ದುಂಡನೆಯ ಮೀಟರೊಂದನ್ನು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ತಾನೇ ಅಂಟಿಸಿಕೊಟ್ಟಿದ್ದ.

ಹರಿಹರಪುರದ ಜಲಜಮ್ಮ ಅದನ್ನು ಕಂಡದ್ದು ಜುಲೈ ಮೊದಲ ಗುರುವಾರದ ಪಾಠದಲ್ಲಿ. ಎಪ್ಪತ್ತೆರಡು ವಯಸ್ಸಿನ ಜಲಜಮ್ಮ ಶಾಲೆಯ ಟೀಚರ್ ಆಗಿ ನಿವೃತ್ತರಾದವರು, ಷಡಕ್ಷರಿಯ ಪಿಟೀಲು ಗುರು.

“ಇದೆಂತ ಇದು, ಗಡಿಯಾರವಾ?”

“ಅಲ್ಲ ಟೀಚ್ರೆ. ಗಾಳೀಲಿ ಥಂಡಿ ಎಷ್ಟಿದೆ ಅಂತ ತೋರಿಸ್ತದೆ. ಪಿಟೀಲಿನ ಮರಕ್ಕೆ ನಲವತ್ತರಿಂದ ಅರವತ್ತರ ಒಳಗೆ ಇರ್ಬೇಕಂತೆ.”

“ಈಗೆಷ್ಟಿದೆ?”

“ತೊಂಬತ್ನಾಲ್ಕು.”

“ಸರಿ, ಗೊತ್ತಾಯ್ತು. ಈಗೆಂತ ಮಾಡ್ತೀ?”

ಷಡಕ್ಷರಿ ಅಷ್ಟು ಮುಂದಿನದನ್ನು ಯೋಚಿಸಿರಲಿಲ್ಲ. “ಗೊತ್ತಿರ್ತದಲ್ಲ ಟೀಚ್ರೆ” ಎಂದ.

“ಜುಲೈ ತಿಂಗಳಲ್ಲಿ ಕೊಪ್ಪದಲ್ಲಿ ಥಂಡಿ ಇದೆ ಅಂತ ತಿಳಿಯೋಕೆ ಮೀಟರು ತಂದವ ನೀನೊಬ್ಬನೇ ಮಾರಾಯ” ಎಂದು ಜಲಜಮ್ಮ ತಮ್ಮ ಪಿಟೀಲಿನ ಚೀಲ ಬಿಚ್ಚಿ ತೋರಿಸಿದರು. ಅದರಲ್ಲಿ ಕಮಾನಿಗೆ ತಿಕ್ಕುವ ರಾಳದ ಒಂದು ಬಿಲ್ಲೆ, ಒಂದು ಸುತ್ತು ಹೆಚ್ಚುವರಿ ತಂತಿ, ಒರೆಸಲು ಹಳೆ ಪಂಚೆಯ ತುಂಡು ಇದ್ದವು. “ನಲವತ್ತೈದು ವರ್ಷ ಇಷ್ಟರಲ್ಲೇ ನುಡಿಸಿದ್ದೇನೆ. ನಿಂಗೆ ಇನ್ನು ಸಾಮಾನು ಬೇಡ, ಸಭೆ ಬೇಕು. ನಾಲ್ಕು ಜನರ ಎದುರಿಗೆ ಕೂತು ಈ ವರ್ಣ ಒಂದು ಸಲ ನಿಲ್ಲದೆ ನುಡಿಸು. ನುಡಿಸಿದ್ರೆ ಮುಂದಿನ ಪಾಠ. ಇಲ್ಲಾಂದ್ರೆ ಪಿಟೀಲು ಬಿಟ್ಟು ನೆಮ್ಮದಿಯಾಗಿ ಬಟ್ಟೆ ಅಳೆ. ಗಣಪತಿ ಹಬ್ಬದವರೆಗೆ ಟೈಮು ಕೊಟ್ಟಿದ್ದೇನೆ.”

ಪಿಟೀಲು ಬಿಡುವ ಮಾತು ಕೇಳಿ ಷಡಕ್ಷರಿಗೆ ಆ ರಾತ್ರಿ ಊಟ ಸೇರಲಿಲ್ಲ. ವಾರದ ಏಳು ದಿನಗಳಲ್ಲಿ ಅವನು ಮೀಟರ್ ಲೆಕ್ಕದಲ್ಲಿ ಬಟ್ಟೆ ಹರಿಯದ ಒಂದೇ ಮಧ್ಯಾಹ್ನ ಪಾಠದ ಗುರುವಾರದ್ದು.

ಮರುದಿನವೇ ಅವನು ಗಣೇಶೋತ್ಸವ ಸಮಿತಿಯ ಅಧ್ಯಕ್ಷ ವಾಸಪ್ಪನವರ ಮನೆಗೆ ಹೋಗಿ ವೇದಿಕೆಯ ಮೇಲೆ ಹದಿನೈದು ನಿಮಿಷ ಕೇಳಿದ. ಹೀಗೆ ಕೇಳುತ್ತಿದ್ದುದು ಸತತ ಮೂರನೆಯ ವರ್ಷ.

“ಆರ್ಕೆಸ್ಟ್ರಾ ಇದೆ, ನಾಟಕ ಇದೆ, ರಂಗೋಲಿಗೆ ಬಹುಮಾನ ಇದೆ. ಪಿಟೀಲು ಕೇಳೋಕೆ ಯಾರು ಬರ್ತಾರೆ ಷಡಕ್ಷರಿ? ನಿನ್ನ ಹೆಂಡ್ತಿ ಬರ್ತಾರಾ?”

“ಕೇಳಿ ನೋಡ್ಬೇಕು” ಎಂದು ಷಡಕ್ಷರಿ ಪ್ರಾಮಾಣಿಕವಾಗಿ ಹೇಳಿದ. ಅರ್ಜಿ ಅಲ್ಲಿಗೆ ಮುಗಿಯಿತು.

ಜುಲೈ 17, ಸೋಮವಾರ. ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಹಿರೇಕೊಡಿಗೆಯ ಅಡಿಕೆ ಬೆಳೆಗಾರ ತಿಮ್ಮಣ್ಣ ಟವೆಲು ಕೊಳ್ಳಲು ಅಂಗಡಿಗೆ ಬಂದ. ಗಲ್ಲಾದ ಮೇಲೆ ಪಿಟೀಲು ಪೆಟ್ಟಿಗೆ ತೆರೆದಿತ್ತು. ತಿಮ್ಮಣ್ಣನ ಕಣ್ಣು ಪಿಟೀಲಿನ ಮೇಲೆ ಹೋಗಲಿಲ್ಲ, ರಾಳದ ಬಿಲ್ಲೆಯ ಮೇಲೆ ಹೋಯಿತು.

“ಎಂತ ಮಾರಾಯ, ನೀನು ಯಾವಾಗಿಂದ ತೋಟಕ್ಕೆ ಔಷಧಿ ಹೊಡಿಸೋಕೆ ಶುರು ಮಾಡಿದ್ದು?”

ಪ್ರಶ್ನೆಯಲ್ಲಿ ತಪ್ಪಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಿರಲೆಂದು ಮೈಲುತುತ್ತ, ಸುಣ್ಣ ಕಲಸಿ ಗೊನೆಗೆ ಹೊಡೆಯುತ್ತಾರೆ. ಮಳೆಗೆ ತೊಳೆದುಹೋಗದಂತೆ ಅಂಟಿಕೊಳ್ಳಲು ಅದಕ್ಕೆ ರಾಳವನ್ನು ಸೋಡಾದ ಜೊತೆ ಕುದಿಸಿ ಸೇರಿಸುತ್ತಾರೆ. ತಿಮ್ಮಣ್ಣನ ಪ್ರಪಂಚದಲ್ಲಿ ರಾಳಕ್ಕೆ ಇದ್ದ ಕೆಲಸ ಅದೊಂದೇ. ರಾಳ ಪಿಟೀಲಿನದು, ಮೀಟರೂ ಪಿಟೀಲಿನದೇ ಎಂದು ಷಡಕ್ಷರಿ ವಿವರಿಸಿದ.

“ಸುಮ್ನಿರು. ಪಕ್ಕದಲ್ಲಿ ರಾಳ, ಮೇಲೆ ಥಂಡಿ ಮೀಟರು. ಇಷ್ಟೆಲ್ಲ ಇಟ್ಕೊಂಡವ ಮಳೆ ನೋಡದೆ ಪಿಟೀಲು ನೋಡ್ತಾನಾ? ಎಷ್ಟು ತೋರಿಸ್ತಾ ಇದೆ?”

“ಅರವತ್ತೊಂದು. ನಿನ್ನೆ ತೊಂಬತ್ಮೂರಿತ್ತು.”

ಹೊರಗೆ ಮಳೆ ಹನಿಯುತ್ತಲೇ ಇತ್ತು. ತಿಮ್ಮಣ್ಣ ಆಕಾಶ ನೋಡಿದ, ಮೀಟರು ನೋಡಿದ, ಟವೆಲು ಮರೆತು ಹಿರೇಕೊಡಿಗೆಯ ಬಸ್ಸು ಹತ್ತಿದ. ಮಧ್ಯಾಹ್ನ ಆಳು ಕರೆಸಿ ಔಷಧಿ ಹೊಡೆಸಿದ. ಹನ್ನೆರಡು ಗಂಟೆಗೆ ನಿಂತು ಹೊಳವಾದ ಮಳೆ ಮತ್ತೆ ಬಂದದ್ದು ಮೂರನೆಯ ದಿನ. ಅಷ್ಟರಲ್ಲಿ, ಪಿಟೀಲು ಪೆಟ್ಟಿಗೆಯ ಮೀಟರು ಮಳೆ ಹೇಳುತ್ತದೆ ಎಂಬ ಸುದ್ದಿ ಹರಿಹರಪುರ ದಾಟಿ ಶೃಂಗೇರಿಯ ಕಡೆಗೆ ಹೋಗಿತ್ತು.

ವಸ್ತುಸ್ಥಿತಿಯನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಮೀಟರು ಅಳೆಯುತ್ತಿದ್ದುದು ಕೊಪ್ಪ ತಾಲ್ಲೂಕಿನ ಹವೆಯನ್ನಲ್ಲ, ಪೆಟ್ಟಿಗೆಯೊಳಗಿನ ಹವೆಯನ್ನು. ಜೂನ್‌ನಲ್ಲಿ ಪೆಟ್ಟಿಗೆಗೆ ಬೂಷ್ಟು ಹಿಡಿದು ಮಲಗುವ ಕೋಣೆಯಲ್ಲೆಲ್ಲ ವಾಸನೆ ಹರಡಿತ್ತು. ಸೋಮವಾರ ಮನೆಯಲ್ಲಿ ಎಲ್ಲರಿಗೂ ತಲೆಸ್ನಾನ, ಬೆಳಗಿನ ಜಾವವೇ ಬಚ್ಚಲ ಒಲೆಗೆ ದೊಡ್ಡ ಉರಿ. ವೀರಮ್ಮ ಆ ಒಂದು ದಿನ ಪೆಟ್ಟಿಗೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ, ಹಪ್ಪಳದ ಡಬ್ಬಿಯ ಪಕ್ಕದಲ್ಲಿಟ್ಟು, ಗಂಡ ಸ್ನಾನ ಮುಗಿಸುವ ಮೊದಲೇ ಇಳಿಸುತ್ತಿದ್ದಳು. ಗಂಡನಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವನು ಮೀಟರಿನ ಜೊತೆ ಬಂದ ಚೀಟಿ ತೆಗೆದು “ಶಾಖದಿಂದ ದೂರವಿಡಿ” ಎಂಬುದನ್ನು ಓದುತ್ತಿದ್ದ. ಹೀಗಾಗಿ ಮೀಟರು ಸೋಮವಾರ ಇಳಿಯುತ್ತಿತ್ತು, ಉಳಿದ ಆರು ದಿನ ತೊಂಬತ್ತರ ಮೇಲಿರುತ್ತಿತ್ತು. ಜುಲೈ ತಿಂಗಳಲ್ಲಿ ಕೊಪ್ಪದಲ್ಲಿ ವಾರಕ್ಕೆ ಆರು ದಿನ ಮಳೆ ಬರುತ್ತದೆ ಎಂದವನು ಹೇಗೂ ಸುಳ್ಳುಗಾರನಾಗುವುದಿಲ್ಲ.

ಜನ ಬರತೊಡಗಿದರು. ಮೊದಲ ಮೂರು ದಿನ ಷಡಕ್ಷರಿ “ಇದು ಮಳೆ ಮೀಟರಲ್ಲ” ಎಂದು ಹೇಳಿದ. ನಾಲ್ಕನೆಯ ದಿನ ಅವನಿಗೆ ಒಂದು ಸಂಗತಿ ಗಮನಕ್ಕೆ ಬಂತು. ಮೂರು ವರ್ಷಗಳಲ್ಲಿ ಅವನ ಪಿಟೀಲು ಪೆಟ್ಟಿಗೆಯನ್ನು ತೆರೆಯಿರಿ ಎಂದು ಯಾರೂ ಕೇಳಿರಲಿಲ್ಲ. ಈಗ ಬೆಳಿಗ್ಗೆ ಏಳು ಮಂದಿ ಛತ್ರಿ ಮಡಚಿಕೊಂಡು ನಿಂತಿದ್ದರು. ಮುಳ್ಳು ಸ್ಥಿರವಾಗಲು ಹತ್ತು ನಿಮಿಷ ಬೇಕೆಂದು ಚೀಟಿಯಲ್ಲಿ ಬರೆದಿತ್ತು. ಷಡಕ್ಷರಿ ಪಿಟೀಲು ಹೊರಗೆ ತೆಗೆದು ಪೆಟ್ಟಿಗೆ ಮುಚ್ಚಿದ. “ಹತ್ತು ನಿಮಿಷ ಕೂತ್ಕೊಳ್ಳಿ” ಎಂದು ವರ್ಣ ಆರಂಭಿಸಿದ.

ಇದೇ ನಿಯಮವಾಯಿತು. ವರ್ಣ ಕೇಳದೆ ಮೀಟರು ಇಲ್ಲ. ಬೆಳೆಗಾರರು ಕೇಳಿದರು. ಔಷಧಿ ಹೊಡೆಯುವ ದಿನ ತಪ್ಪಿದರೆ ವರ್ಷದ ಬೆಳೆ ಕೊಳೆಯುತ್ತದೆ, ಅದಕ್ಕೆ ಹೋಲಿಸಿದರೆ ಹತ್ತು ನಿಮಿಷ ದೊಡ್ಡದಲ್ಲ. ಚರಣದ ಎರಡನೆಯ ಸಾಲಿನಲ್ಲಿ ಕಮಾನು ನಿಂತಾಗ ಅವರೂ ಉಸಿರು ಹಿಡಿಯುತ್ತಿದ್ದರು. ಗೋಡೆಯಾಚೆಯಿಂದ ಹೊಲಿಗೆ ಯಂತ್ರವೂ ನಿಲ್ಲುತ್ತಿತ್ತು.

“ಅಲ್ಲೇ ಸಿಕ್ಕಿಬೀಳ್ತದೆ ನೋಡಿ ನಿಮ್ದು” ಎಂದು ಬೂತಪ್ಪ ಒಂದು ದಿನ ಇಣುಕಿ ಹೇಳಿದ. “ನಂಗೀಗ ಬಾಯಿಪಾಠ ಆಗಿದೆ. ಆ ರಬ್ಬರು ಇತ್ತಲ್ಲ, ಅದು ಕಳೀತಾ?”

ಬೇಗಾರಿನ ಶಾಂತಕ್ಕ ಫೋನು ಮಾಡಿದರು. “ನಂಗೆ ರಸ್ತೆವರೆಗೆ ನಡ್ದು ಬಸ್ಸು ಹಿಡ್ಕೊಂಡು ಕೊಪ್ಪಕ್ಕೆ ಬರೋಕೆ ಮಂಡಿ ಬಿಡೂದಿಲ್ಲ ಮಾರಾಯ್ರೆ. ಫೋನಲ್ಲೇ ನುಡಿಸಿಬಿಡಿ, ಒಲೆ ಮೇಲೆ ಹಾಲಿಟ್ಟಿದ್ದೇನೆ, ಕೇಳ್ತಾ ಇರ್ತೇನೆ.” ಷಡಕ್ಷರಿ ರಿಸೀವರನ್ನು ಗಲ್ಲಾದ ಮೇಲಿಟ್ಟು ನುಡಿಸಿದ. ಹಾಲು ಉಕ್ಕಿದ್ದು ಚರಣದಲ್ಲಿ ಎಂದು ಆಮೇಲೆ ತಿಳಿಯಿತು.

ನರಸಿಂಹರಾಜಪುರದಿಂದ ವೀರಮ್ಮನ ತಮ್ಮ ಉಜ್ವಲ್ ಬೈಕಿನಲ್ಲಿ ಬಂದ. “ಭಾವ, ನೆಂಟರಿಗಾದ್ರೂ ಸಂಗೀತ ಬಿಟ್ಟು ಬರೀ ಮೀಟರು ತೋರಿಸ್ಬಾರದಾ?” ಎಂದು ಕೇಳಿದ. ಷಡಕ್ಷರಿ ನಿಯಮ ಎಲ್ಲರಿಗೂ ಒಂದೇ ಎಂದ. ಉಜ್ವಲ್ ಅಕ್ಕನ ಮನೆಯ ಕಾಫಿ ಕುಡಿಯದೆ ಹೊರಟುಹೋದ.

ಭವಿಷ್ಯ ಎಷ್ಟರ ಮಟ್ಟಿಗೆ ನಿಜವಾಯಿತು ಎಂಬ ಅಂಕಿಅಂಶ ಹೀಗಿದೆ. ಜುಲೈ 24ರ ಸೋಮವಾರ ಮಳೆ ನಿಂತದ್ದು ನಾಲ್ಕು ಗಂಟೆ. ಜನ ಅದನ್ನು ಒಂದು ದಿನವೆಂದು ಹಿಡಿದರು. 31ರಂದು ಹನ್ನೊಂದು ಗಂಟೆಗೇ ಜಡಿಮಳೆ ಬಂತು. ಅಂದು ಮುಂದಿನ ಸಾಲಿನಲ್ಲಿ ಕೂತಿದ್ದವನೊಬ್ಬ ವರ್ಣದ ನಡುವೆ ಆಕಳಿಸಿದ್ದೇ ಕಾರಣ ಎಂದು ತೀರ್ಮಾನವಾಯಿತು. ಆಗಸ್ಟ್ 7ರಂದು ನಿಜವಾಗಿಯೇ ಇಡೀ ದಿನ ಬಿಸಿಲು ಬಿತ್ತು. ಇದಾದ ಮೇಲೆ ವಾದಕ್ಕೆ ಆಸ್ಪದ ಉಳಿಯಲಿಲ್ಲ. ಮಳೆಯನ್ನು ಹೇಳುವುದು ಮೀಟರಾದರೂ ಮುಳ್ಳನ್ನು ಇಳಿಸುವುದು ಪಿಟೀಲು ಎಂಬ ಅಭಿಪ್ರಾಯಕ್ಕೆ ಬಹುಮತ ಬಂದದ್ದೂ ಆ ವಾರವೇ.

ಒಂದು ಸರ್ಕಾರಿ ಕಚೇರಿಯಿಂದ ರಾಜೇಶ ಎಂಬ ಅಧಿಕಾರಿ ಜೀಪಿನಲ್ಲಿ ಬಂದರು. ಕೈಯಲ್ಲಿ ಒಂದು ನಮೂನೆ ಇತ್ತು.

“ಉಪಕರಣದ ಹೆಸರು?”

“ಪಿಟೀಲು.”

“ಸ್ಥಾಪನೆ ಮಾಡಿದ ಜಾಗದ ಎತ್ತರ?”

“ಚಾಪೆ ಮೇಲೆ ಸಾರ್.”

“ಓದುವ ವಿಧಾನ?”

“ಮೋಹನದಲ್ಲಿ ಒಂದು ವರ್ಣ.”

ಅಧಿಕಾರಿ ಎಲ್ಲವನ್ನೂ ಬರೆದುಕೊಂಡರು. ಹತ್ತು ನಿಮಿಷ ಕೇಳಿದರು, ಸರ್ಕಾರಿ ಸಿಬ್ಬಂದಿಗೆ ವಿನಾಯಿತಿ ಇದೆಯೇ ಎಂದು ಒಮ್ಮೆ ಮಾತ್ರ ವಿಚಾರಿಸಿದರು. ಮತ್ತೆ ಎರಡು ವಾರ ಬಂದು ಅಂಕಿ ಬರೆದುಕೊಂಡು ನಕ್ಷೆ ಬರೆದರು. ಅವರ ವರದಿಯ ಕೊನೆಯ ವಾಕ್ಯ: “ಸದರಿ ಪ್ರದೇಶದಲ್ಲಿ ಪ್ರತಿ ಸೋಮವಾರ ತೇವಾಂಶ ಗಣನೀಯವಾಗಿ ಇಳಿಯುತ್ತಿದ್ದು, ಕಾರಣ ತಿಳಿಯಲು ಹೆಚ್ಚಿನ ಅಧ್ಯಯನ ಅಗತ್ಯ.” ಬಚ್ಚಲ ಒಲೆ ಅಲ್ಲಿಂದ ನೂರು ಗಜ ದೂರದಲ್ಲಿತ್ತು.

ವರದಿಯ ಸುದ್ದಿ ಬಂದ ಸಂಜೆ ವಾಸಪ್ಪನವರು ತಾವಾಗಿ ಅಂಗಡಿಗೆ ಬಂದರು.

“ಹದಿನೈದು ನಿಮಿಷ ಸಾಕಾಗೂದಿಲ್ಲ ಷಡಕ್ಷರಿ. ಒಂದು ಗಂಟೆ ತಗೋ. ಆಗಸ್ಟ್ 28, ಹಬ್ಬದ ಮರುದಿನ, ಸಂಜೆ ಐದರಿಂದ ಆರು. ಸೋಮವಾರವೇ ಬೀಳ್ತದೆ, ನಾನು ನೋಡಿಯೇ ಇಟ್ಟದ್ದು.”

“ನಂಗೆ ಬರೋದೆಲ್ಲ ಸೇರಿಸಿದ್ರೂ ಇಪ್ಪತ್ತೆರಡು ನಿಮಿಷ ಅಧ್ಯಕ್ಷರೇ.”

“ನಿಧಾನ ನುಡಿಸು. ಈ ಸಲ ಮಳೆ ಬಿಡೂ ಹಾಗೆ ಕಾಣೂದಿಲ್ಲ, ಎಲ್ರಿಗೂ ಮೂರನೇ ಸಲ ಔಷಧಿ ಹೊಡೀಬೇಕು. ಮೀಟರು ಇಳಿದ್ರೆ ಇಡೀ ತಾಲ್ಲೂಕು ಮಂಗಳವಾರ ಹೊಡೀತದೆ.”

ಆಮಂತ್ರಣ ಪತ್ರಿಕೆಯಲ್ಲಿ “ಶ್ರೀ ಷಡಕ್ಷರಿ ಅವರಿಂದ ಪಿಟೀಲು ವಾದನ ಹಾಗೂ ಹವಾಮಾನ” ಎಂದು ಅಚ್ಚಾಯಿತು. ಷಡಕ್ಷರಿ ಅದರ ಒಂದು ಪ್ರತಿಯನ್ನು ಜಲಜಮ್ಮನವರಿಗೆ ಕೊಟ್ಟಾಗ ಅವರು ಕನ್ನಡಕ ಹಾಕಿ ಎರಡು ಸಲ ಓದಿದರು.

“ಹವಾಮಾನ ನನ್ನ ಪಾಠದಲ್ಲಿ ಇರಲಿಲ್ಲ. ನಾನು ವರ್ಣ ಕೇಳೋಕೆ ಬರ್ತೇನೆ. ನಿಂತಿಯೋ, ಮಾತು ಮಾತೇ.”

28ರ ಬೆಳಗಿನ ಜಾವ ವೀರಮ್ಮ ಎಂದಿನಂತೆ ಬಚ್ಚಲ ಒಲೆ ಹೊತ್ತಿಸಿದಳು. ಪೆಟ್ಟಿಗೆಯನ್ನು ಕೈಗೂ ತೆಗೆದುಕೊಂಡಳು. ಆಮೇಲೆ, ಸ್ಟೇಜಿಗೆ ಹೋಗುವ ಪಿಟೀಲು ಹೊಗೆ ವಾಸನೆ ಹೊಡೆಯಬಾರದು ಎಂದು ಯೋಚಿಸಿ ಅದಕ್ಕೆ ವಿಭೂತಿ ಹಚ್ಚಿ, ಹೂವು ಏರಿಸಿ ದೇವರ ಮುಂದಿಟ್ಟಳು. ಆರು ವಾರಗಳಲ್ಲಿ ಪೆಟ್ಟಿಗೆ ಅಟ್ಟ ಹತ್ತದ ಸೋಮವಾರ ಅದೊಂದೇ.

ಐದು ಗಂಟೆಗೆ ಪೆಂಡಾಲಿನ ಮುನ್ನೂರು ಕುರ್ಚಿಗಳೂ ಭರ್ತಿಯಾಗಿ, ಇನ್ನಷ್ಟು ಜನ ಬದಿಯಲ್ಲಿ ನಿಂತಿದ್ದರು. ಹಿಂದಿನ ದಿನದ ಆರ್ಕೆಸ್ಟ್ರಾಕ್ಕೂ ಇಷ್ಟು ಜನ ಸೇರಿರಲಿಲ್ಲ. ವೇದಿಕೆಯ ಮೇಲೆ ಷಡಕ್ಷರಿ ಬಲಕ್ಕೆ, ಪೆಟ್ಟಿಗೆ ನಟ್ಟ ನಡುವೆ, ಎತ್ತರದ ಸ್ಟೂಲಿನ ಮೇಲೆ. ದೀಪ ಬಿಟ್ಟದ್ದು ಪೆಟ್ಟಿಗೆಗೆ. ಮೈಕು ಹಿಡಿದು ವಾಸಪ್ಪನವರು ಅದರ ಪಕ್ಕದಲ್ಲಿ ನಿಂತಿದ್ದರು. ಮುಂದಿನ ಸಾಲಿನಲ್ಲಿ ಜಲಜಮ್ಮ, ಹೆಂಗಸರ ಕಡೆ ವೀರಮ್ಮ.

ಮೊದಲ ಸಲ ವರ್ಣ ಚರಣದ ಎರಡನೆಯ ಸಾಲಿನಲ್ಲಿ ನಿಂತಿತು. “ಥೋ” ಎಂದ ದನಿ ಬೂತಪ್ಪನದು. ವಾಸಪ್ಪನವರು ಪೆಟ್ಟಿಗೆ ತೆರೆದರು.

“ಮಹಾಜನರೇ, ತೊಂಬತ್ತಾರು!”

ಪೆಂಡಾಲಿನಲ್ಲಿ ಗುಜುಗುಜು ಎದ್ದಿತು. “ಇನ್ನೊಂದ್ಸಲ ನುಡಿಸಿ!” ಎಂದು ಹಿಂದಿನಿಂದ ಕೂಗು ಬಂತು. ಮತ್ತೊಮ್ಮೆ ನುಡಿಸಿ ಎಂಬ ಬೇಡಿಕೆ ಷಡಕ್ಷರಿಯ ಸಂಗೀತ ಜೀವನದಲ್ಲಿ ಬಂದದ್ದು ಅದೇ ಮೊದಲು. ಅವನು ಮತ್ತೊಮ್ಮೆ ನುಡಿಸಿದ, ಅಲ್ಲೇ ನಿಂತ. ಮೀಟರು ತೊಂಬತ್ತಾರು. ಮೂರನೆಯ ಸಲವೂ ಅಲ್ಲೇ ನಿಂತ. ಅಷ್ಟು ಜನರ ಒದ್ದೆ ಛತ್ರಿಗಳ ನಡುವೆ ಮುಳ್ಳು ತೊಂಬತ್ತೇಳಕ್ಕೆ ಏರಿತು.

“ಏರ್ತಾ ಇದೆ ಮಾರಾಯ! ಎಂತ ಮಾಡ್ತಿದೀಯ ನೀನು?” ತಿಮ್ಮಣ್ಣ ಕುರ್ಚಿಯಿಂದ ಎದ್ದ. “ಪ್ರತಿ ಸೋಮವಾರ ಇಳೀತಿತ್ತು, ಇವತ್ತು ಊರೆಲ್ಲ ಸೇರಿದಾಗ್ಲೇ ಎಂತ ಬಂತು ಇದಕ್ಕೆ? ನಾಳೆ ಹೊಡೀಬೇಕಾ ಬಿಡ್ಬೇಕಾ, ಹೇಳು!”

“ಷಡಕ್ಷರಿ, ನೀ ಬೇಕಂತ ಬೇರೆ ರಾಗ ನುಡಿಸ್ತಿಲ್ಲ ತಾನೇ?” ಎಂದು ವಾಸಪ್ಪನವರು ಮೈಕಿನಲ್ಲಿಯೇ ಕೇಳಿಬಿಟ್ಟರು.

ಹೆಂಗಸರ ಕಡೆಯಿಂದ ವೀರಮ್ಮ ಎದ್ದು ನಿಂತಳು.

“ಅವರಿಗೆ ಎಂತಕ್ಕೆ ಜೋರು ಮಾಡ್ತೀರಿ? ಸೋಮವಾರ ಇಳೀತಿದ್ದುದು ನಾನು ಬಚ್ಚಲ ಒಲೆ ಅಟ್ಟದ ಮೇಲೆ ಇಡ್ತಿದ್ದೆ ಅಂತ. ಹಪ್ಪಳದ ಡಬ್ಬಿ ಪಕ್ಕ. ಇವತ್ತು ಇಡಲಿಲ್ಲ. ಬೂಷ್ಟು ಹಿಡಿದ ಪೆಟ್ಟಿಗೆ ತಲೆ ಹತ್ರ ಇಟ್ಕೊಂಡು ಮಲಗೋಳು ನಾನು, ನೀವಾ?”

ಪೆಂಡಾಲಿನಲ್ಲಿ ಮಳೆಯ ಸದ್ದನ್ನೂ ಮೀರಿ ಗುಲ್ಲೆದ್ದಿತು. ಆಮೇಲೆ ಕುರ್ಚಿಗಳ ಸದ್ದು. ಆರು ವಾರ ಅವರು ವೀರಮ್ಮನ ಒಲೆಯ ಉರಿ ನೋಡಿ ಔಷಧಿ ಹೊಡೆದಿದ್ದರು. ತಿಮ್ಮಣ್ಣ ಟವೆಲು ಕೊಡವಿಕೊಂಡು ಮೊದಲು ಹೊರಟ. ಅಧಿಕಾರಿ ರಾಜೇಶ ಜೇಬಿನಿಂದ ನಕ್ಷೆ ತೆಗೆದು, ನೋಡಿ, ನಾಲ್ಕಾಗಿ ಮಡಚಿ ಒಳಗಿಟ್ಟರು. “ಮಹಾಜನರೇ, ಪ್ರಸಾದ ಇದೆ, ಕೂತ್ಕೊಳ್ಳಿ” ಎಂದು ವಾಸಪ್ಪನವರು ಕೂಗುತ್ತಿದ್ದರು. ಪ್ರಸಾದವನ್ನು ಜನ ನಿಂತೇ ತೆಗೆದುಕೊಂಡರು. ಹೋಗುವಾಗ ಸಮಿತಿಯವರೊಬ್ಬರು ದೀಪವನ್ನೂ ಆರಿಸಿದರು.

ಗಂಟೆ ಐದೂ ಮುಕ್ಕಾಲು. ಷಡಕ್ಷರಿ ಪಿಟೀಲನ್ನು ಎದೆಗೆ ಒತ್ತಿಕೊಂಡು ಕೂತೇ ಇದ್ದ. ಜಲಜಮ್ಮ ಎದ್ದಿರಲಿಲ್ಲ. ತೊಡೆಯ ಮೇಲೆ ತಾಳ ಹಾಕಲು ಶುರು ಮಾಡಿದರು.

ಅವನು ನಾಲ್ಕನೆಯ ಸಲ ಆರಂಭಿಸಿದ. ಈ ಸಲ ಮುಳ್ಳು ನೋಡುವವರು ಯಾರೂ ಇರಲಿಲ್ಲ, ಅವನೂ ನೋಡಲಿಲ್ಲ. ಚರಣ ಬಂತು, ಮೊದಲ ಸಾಲು ಹೋಯಿತು. ಹೊರಗೆ ಹೊರಟಿದ್ದ ಬೂತಪ್ಪ ಕಂಬದ ಬಳಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದವನು ಹಾಗೇ ನಿಂತ. ಎರಡನೆಯ ಸಾಲು ಬಂತು. ಕಮಾನು ನಿಲ್ಲಲಿಲ್ಲ. ಮೂರನೆಯ ಸಾಲಿಗೆ ಹೋಯಿತು, ನಾಲ್ಕನೆಯದಕ್ಕೆ ಹೋಯಿತು, ವರ್ಣ ಮುಗಿಯಿತು.

“ದಾಟಿತು! ದಾಟಿತು ಮಾರಾಯ್ರೆ!” ಎಂದು ಬೂತಪ್ಪ ಒಂದೇ ಕಾಲಿನ ಚಪ್ಪಲಿಯಲ್ಲಿ ಕೂಗಿದ.

ಆ ಹೊತ್ತಿನಲ್ಲಿ ಪೆಂಡಾಲಿನಲ್ಲಿ ಇದ್ದವರು ಹನ್ನೊಂದು ಮಂದಿ. ಅವರಲ್ಲಿ ಆರು ಮಂದಿ ಮಳೆ ನಿಲ್ಲಲೆಂದು ಕಾದವರು.

ಜಲಜಮ್ಮ ವೇದಿಕೆಯ ಬಳಿ ಬಂದರು. “ದಿನಕ್ಕೆ ಎಷ್ಟು ಸಲ ನುಡಿಸ್ತಿದ್ದೆ?”

“ಎಂಟು, ಒಂಬತ್ತು. ಜನ ಬರ್ತಿದ್ರಲ್ಲ ಟೀಚ್ರೆ.”

“ಮೊದಲು?”

ಷಡಕ್ಷರಿ ನೆಲ ನೋಡಿದ. “ಗುರುವಾರ ಒಂದ್ಸಲ. ನಿಮ್ಮ ಎದುರಿಗೆ.”

ಜಲಜಮ್ಮ ಮೀಟರಿನ ಕಡೆಗೆ ನೋಡಿದರು. “ಹದಿನಾಲ್ಕರಲ್ಲಿ ಕೆಲಸಕ್ಕೆ ಬಂದದ್ದು ಇದೊಂದೇ ಆಯ್ತಲ್ಲ” ಎಂದರು. “ಗುರುವಾರ ಬಾ. ರಾಳ, ತಂತಿ, ಬಟ್ಟೆ ತುಂಡು. ಮತ್ತೆಂತದೂ ತರಬೇಡ.”

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಬಿಸಿಲು ಬಂತು. ಮೂರು ದಿನ ಒಂದು ಹನಿ ಬೀಳಲಿಲ್ಲ. ತೊಂಬತ್ತೇಳು ಕಣ್ಣಾರೆ ಕಂಡಿದ್ದವರಲ್ಲಿ ಹೆಚ್ಚಿನವರು ಮೊದಲ ದಿನ ಆಳು ಕರೆಸಿರಲಿಲ್ಲ. ಮೀಟರಿನ ಮೇಲಿನ ಸಿಟ್ಟಿಗೆ ಬೆಳಿಗ್ಗೆಯೇ ಹೊಡೆಸಿದ್ದವನು ತಿಮ್ಮಣ್ಣ ಒಬ್ಬನೇ. ಗುರುವಾರದ ಹೊತ್ತಿಗೆ, ಮೀಟರು ಸರಿಯಾಗಿಯೇ ಇದೆ, ಅದನ್ನು ತಿರುಗಿಸಿ ಓದಬೇಕಷ್ಟೆ ಎಂಬ ವಾದ ಹಿರೇಕೊಡಿಗೆಯಲ್ಲಿ ಹುಟ್ಟಿ ನಾಲ್ವರು ಅಂಗಡಿಗೆ ಬಂದರು. ಬಾಗಿಲು ಹಾಕಿತ್ತು, ಷಡಕ್ಷರಿ ಪಾಠಕ್ಕೆ ಹೋಗಿದ್ದ. ಮನೆಗೆ ಹೋದಾಗ ವೀರಮ್ಮ ಹಪ್ಪಳದ ಡಬ್ಬಿಯ ಮುಚ್ಚಳ ತೆರೆದು ಒಳಬದಿ ತೋರಿಸಿದಳು. ಮೀಟರು ಈಗ ಅಲ್ಲಿ ಅಂಟಿತ್ತು, ಮುಳ್ಳು ನಲವತ್ತೆಂಟರಲ್ಲಿತ್ತು. ಹಪ್ಪಳಕ್ಕೆ ಅದು ತಕ್ಕ ಹವೆ ಎಂದು ಹೇಳಿ, ನಾಲ್ವರಿಗೂ ಎರಡೆರಡು ಕರಿದು ಕೊಟ್ಟಳು.

ಮರುವರ್ಷ ಷಡಕ್ಷರಿ ಮತ್ತೆ ಅರ್ಜಿ ಹಾಕಿದ. ವಾಸಪ್ಪನವರು ಈ ಸಲ ಇಲ್ಲವೆನ್ನಲಿಲ್ಲ. 2007ರ ಗಣೇಶೋತ್ಸವದ ಆಮಂತ್ರಣ ಪತ್ರಿಕೆಯ ಎರಡನೆಯ ಪುಟದ ಕೆಳಭಾಗದಲ್ಲಿ ಹೀಗಿದೆ: “ಸಂಜೆ 4ರಿಂದ 4.15: ಶ್ರೀ ಷಡಕ್ಷರಿ ಅವರಿಂದ ಪಿಟೀಲು ವಾದನ. ವಿ. ಸೂ.: ಮೀಟರು ಇರುವುದಿಲ್ಲ.”